ನರ್ಸಿಂಗ್ ಹೋಮ್ ಅಂದರೆ ವೃದ್ಧಾಶ್ರಮವೇ? ಹಿರಿಯರ ಆರೈಕೆ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿಗಳು

‘ಅವ್ವನಿಗೆ ಲಕ್ವಾ ಹೊಡೆದಿದೆ, ಹಾಸಿಗೆ ಹಿಡಿದಿದ್ದಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಒಳ್ಳೆಯ ನರ್ಸಿಂಗ್ ಹೋಮ್ ಇದ್ದರೆ ತಿಳಿಸಿ.’ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಹೀಗೊಂದು ಪ್ರಶ್ನೆ ಬಿದ್ದರೆ ಬರುವ ಉತ್ತರಗಳನ್ನು ನೀವೂ ನೋಡಿರುತ್ತೀರಿ. ಒಬ್ಬರು ಖಾಸಗಿ ಆಸ್ಪತ್ರೆಯ ನಂಬರ್ ಕಳಿಸುತ್ತಾರೆ. ಇನ್ನೊಬ್ಬರು ವೃದ್ಧಾಶ್ರಮದ ಫೋಟೊ ಹಾಕುತ್ತಾರೆ. ಮತ್ತೊಬ್ಬರು ‘ಕಾರ್ಡ್ ಇದ್ದರೆ ಎಲ್ಲ ಉಚಿತ’ ಎಂಬ ಫಾರ್ವರ್ಡ್ ತಳ್ಳುತ್ತಾರೆ. ಉತ್ತರಿಸಿದವರ ಉದ್ದೇಶ ಒಳ್ಳೆಯದೇ. ಆದರೆ ತಪ್ಪು ಜಾಗಕ್ಕೆ ಅಲೆದಾಡುವ ಕುಟುಂಬಕ್ಕೆ ಹಣವೂ ಹೋಗುತ್ತದೆ, ಹಿರಿಯರ ಆರೋಗ್ಯವೂ ಕೆಡುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ

ನಮ್ಮ ಊರುಗಳಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಹೆರಿಗೆ, ಆಪರೇಷನ್, ಸಲೈನ್, ನಾಲ್ಕಾರು ದಿನದ ದಾಖಲಾತಿ ಅಲ್ಲಿನ ಕೆಲಸ. ಇವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಅಮೆರಿಕದಂಥ ದೇಶಗಳಲ್ಲಿ ಅದೇ ಪದಕ್ಕೆ ಬೇರೆ ಅರ್ಥ: ಹಿರಿಯರು ತಿಂಗಳು, ವರ್ಷಗಟ್ಟಲೆ ವಾಸ ಮಾಡುವ, ಹಗಲು ರಾತ್ರಿ ನರ್ಸ್‌ಗಳಿರುವ ಜಾಗ. ಯೂಟ್ಯೂಬ್‌ನಲ್ಲಿ ಕಾಣುವ ವಿದೇಶದ ‘ನರ್ಸಿಂಗ್ ಹೋಮ್’ ವಿಡಿಯೊಗಳನ್ನು ನಮ್ಮ ಊರಿಗೆ ಅನ್ವಯಿಸಲು ಆಗದಿರುವುದು ಇದಕ್ಕೇ.

ನಮ್ಮಲ್ಲಿ ಇರುವ ದಾರಿಗಳು ಮುಖ್ಯವಾಗಿ ನಾಲ್ಕು:

• ಆಸ್ಪತ್ರೆ ಅಥವಾ ನರ್ಸಿಂಗ್ ಹೋಮ್: ಕಾಯಿಲೆ ಜೋರಾದಾಗ, ಚಿಕಿತ್ಸೆ ಮುಗಿಯುವವರೆಗೆ ಮಾತ್ರ.

• ವೃದ್ಧಾಶ್ರಮ: ವಸತಿ, ಊಟ, ಜೊತೆಗಾರರು. ಅನೇಕ ಕಡೆ ಎದ್ದು ಓಡಾಡಿ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಹೋಗುವ ಮುನ್ನ ಫೋನ್ ಮಾಡಿ ಕೇಳಿ.

• ಹಾಸಿಗೆ ಹಿಡಿದವರ ಆರೈಕೆ ಕೇಂದ್ರ: ನರ್ಸ್, ಫಿಸಿಯೊಥೆರಪಿ ಎಲ್ಲ ಇರುವ ಇಂಥ ಜಾಗಗಳು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿವೆ.

• ಮನೆಯಲ್ಲೇ ಆರೈಕೆ: ಮನೆಯವರು, ಅಗತ್ಯವಿದ್ದರೆ ಸಂಬಳಕ್ಕೆ ಒಬ್ಬ ಆಯಾ ಅಥವಾ ಹೋಮ್ ನರ್ಸ್.

ದುಡಿಮೆಗಾಗಿ ಮಕ್ಕಳು ಬೆಂಗಳೂರಿಗೆ ಗುಳೆ ಹೋಗಿ, ಊರಲ್ಲಿ ವಯಸ್ಸಾದವರಷ್ಟೇ ಉಳಿದ ಮನೆಗಳು ಈ ಭಾಗದಲ್ಲಿ ಕಡಿಮೆಯಿಲ್ಲ. ಇಂಥ ಮನೆಗಳಿಗೆ ನಾಲ್ಕನೆಯ ದಾರಿಯೇ ಕಷ್ಟ, ಮೂರನೆಯದು ದೂರ. ಆದ್ದರಿಂದ ನಿರ್ಧಾರಕ್ಕೆ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅವರಿಗೆ ಬೇಕಿರುವುದು ಚಿಕಿತ್ಸೆಯೋ, ದಿನನಿತ್ಯದ ಸಹಾಯವೋ, ಜೊತೆಯೋ? ಉತ್ತರ ಸಿಕ್ಕರೆ ದಾರಿಯೂ ಸಿಗುತ್ತದೆ.

ಸಂದೇಶ 1: ‘ಕಾರ್ಡ್ ಇದ್ದರೆ ಆರೈಕೆ ಕೇಂದ್ರದ ಖರ್ಚೆಲ್ಲ ಸರ್ಕಾರದ್ದು’

ತಪ್ಪು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. 70 ದಾಟಿದವರಿಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಯೋಜನೆಯೂ ಆಸ್ಪತ್ರೆ ಚಿಕಿತ್ಸೆಗೇ ಸಂಬಂಧಿಸಿದ್ದು. ಆರೈಕೆ ಕೇಂದ್ರದ ತಿಂಗಳ ಶುಲ್ಕವಾಗಲಿ, ಮನೆಗೆ ಬರುವ ಆಯಾ ಸಂಬಳವಾಗಲಿ ಇವುಗಳಲ್ಲಿ ಸಿಗುವುದಿಲ್ಲ.

ಸಂದೇಶ 2: ‘ಹಾಸಿಗೆ ಹುಣ್ಣಿಗೆ ವಯಸ್ಸೇ ಕಾರಣ, ಪೌಡರ್ ಹಾಕಿ ತಿಕ್ಕಿ’

ಅಪಾಯಕಾರಿ ಸಲಹೆ. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಮಲಗಿದಾಗ ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಹೋಗುತ್ತದೆ. ಅಲ್ಲಿಗೆ ರಕ್ತ ಸರಿಯಾಗಿ ಹರಿಯದೆ ಚರ್ಮ ಸಾಯುತ್ತದೆ. ಅದೇ ಹುಣ್ಣು. ಸೊಂಟದ ಕೆಳಗಿನ ಎಲುಬು, ಹಿಮ್ಮಡಿ, ಪಕ್ಕೆಯ ಎಲುಬು, ಭುಜದ ಹಿಂಭಾಗ ಇದು ಬೇಗ ಬರುವ ಜಾಗಗಳು.

ತಡೆಯುವ ದಾರಿ ಸರಳ, ಆದರೆ ತಪ್ಪದೆ ಮಾಡಬೇಕು. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎಳೆಯಬೇಡಿ, ಎತ್ತಿ ಸರಿಸಿ. ಒದ್ದೆಯಾದ ಬಟ್ಟೆ, ಡೈಪರ್ ಕೂಡಲೇ ಬದಲಿಸಿ. ಕಾಲಿನ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಗಾಯ ಹೆಚ್ಚುತ್ತದೆ. ಬೆರಳಿನಿಂದ ಒತ್ತಿದಾಗಲೂ ಕೆಂಪು ಮಾಯವಾಗದಿದ್ದರೆ, ಅಥವಾ ಕಪ್ಪು ಚರ್ಮದಲ್ಲಿ ಆ ಭಾಗ ಬಿಸಿಯಾಗಿ, ಗಟ್ಟಿಯಾಗಿ ತೋರಿದರೆ ವೈದ್ಯರಿಗೆ ತೋರಿಸಿ.

ಸಂದೇಶ 3: ‘ವಯಸ್ಸಾದ ಮೇಲೆ ಮರೆವು, ಗೊಂದಲ ಸಹಜ’

ಅರ್ಧ ಸತ್ಯ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಸಹಜ. ತನ್ನದೇ ಓಣಿಯಲ್ಲಿ ದಾರಿ ತಪ್ಪುವುದು, ಮಕ್ಕಳ ಗುರುತು ಸಿಗದಿರುವುದು ಸಹಜವಲ್ಲ, ಡೆಮೆನ್ಶಿಯಾ ಇರಬಹುದು. ನಿನ್ನೆಯವರೆಗೆ ಚೆನ್ನಾಗಿದ್ದವರು ಇಂದು ಏಕಾಏಕಿ ಏನೇನೋ ಮಾತಾಡತೊಡಗಿದರೆ ಅದು ತುರ್ತು ಸ್ಥಿತಿ. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ಸಕ್ಕರೆ ಕುಸಿತ, ಔಷಧದ ಅಡ್ಡಪರಿಣಾಮ ಯಾವುದೂ ಕಾರಣ ಇರಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಇದೆ. ‘ಅರಳು ಮರಳು’ ಎಂದು ಬಿಟ್ಟುಬಿಟ್ಟರೆ ಜೀವಕ್ಕೇ ಕುತ್ತು.

ರಾಯಚೂರು ಜಿಲ್ಲೆಯ ಬಿಸಿಲಿಗೆ ಇನ್ನೊಂದು ಮಾತು: ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ಅವರು ಕೇಳುವವರೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಕೊಡಿ. ಹೃದಯ, ಕಿಡ್ನಿ ಕಾಯಿಲೆ ಇದ್ದರೆ ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿ.

ಸಂದೇಶ 4: ‘ತಂದೆತಾಯಿಯನ್ನು ಆಶ್ರಮಕ್ಕೆ ಸೇರಿಸಿದರೆ ಜೈಲು’

ಹಾಗಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ ಅಪರಾಧವಾಗುವುದು ಹಿರಿಯರನ್ನು ತೊರೆಯುವುದು. ಎಲ್ಲೋ ಬಿಟ್ಟು ಕೈತೊಳೆದುಕೊಂಡರೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅವರ ಒಪ್ಪಿಗೆ ಪಡೆದು, ಖರ್ಚು ಕೊಟ್ಟು, ಹೋಗಿ ಬಂದು ಮಾಡುತ್ತಾ ನೋಡಿಕೊಳ್ಳುವುದು ತೊರೆದಂತಲ್ಲ.

ಸಂದೇಶ 5: ‘ಮಕ್ಕಳು ನೋಡದಿದ್ದರೆ ಬರೆದುಕೊಟ್ಟ ಹೊಲ ತಾನಾಗಿ ವಾಪಸ್’

ತಾನಾಗಿ ಬರುವುದಿಲ್ಲ. ಇದೇ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ಷರತ್ತು ಮುರಿದರೆ ನ್ಯಾಯಮಂಡಳಿ ಆ ದಾನಪತ್ರವನ್ನು ರದ್ದು ಮಾಡಬಹುದು. ಷರತ್ತು ಇತ್ತು ಎಂಬುದನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದ್ದರಿಂದ ಬರೆದುಕೊಡುವ ದಿನವೇ ‘ಊಟ, ವಸತಿ, ಔಷಧ, ಆರೈಕೆ ನೋಡಿಕೊಳ್ಳಬೇಕು’ ಎಂಬ ಮಾತು ಪತ್ರದಲ್ಲೇ ಇರಲಿ.

ನ್ಯಾಯಮಂಡಳಿ ಎಂದರೆ ಬೇರೆ ಊರಿನ ಕೋರ್ಟ್ ಅಲ್ಲ, ಉಪವಿಭಾಗಾಧಿಕಾರಿಯ ಮುಂದೆ ನಡೆಯುವ ವಿಚಾರಣೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕಿನವರಿಗೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ವಕೀಲರು ಇರಲೇಬೇಕೆಂದಿಲ್ಲ.

ಆಶ್ರಮ ಅಥವಾ ಕೇಂದ್ರ ನೋಡಲು ಹೋದಾಗ

ಗೋಡೆಯ ಬಣ್ಣ, ಹೂಕುಂಡ ನೋಡಬೇಡಿ. ಊಟದ ಹೊತ್ತಿಗೆ, ತಿಳಿಸದೆ ಹೋಗಿ. ಮೂಗಿಗೆ ಮೂತ್ರದ ವಾಸನೆ ಬಡಿಯುತ್ತಿದೆಯೇ? ಕೈ ನಡುಗುವವರಿಗೆ ತುತ್ತು ತಿನ್ನಿಸುವವರು ಇದ್ದಾರೆಯೇ? ಊಟವಾದ ಮೇಲೆ ಸುಮಾರು ಅರ್ಧ ಗಂಟೆ ಕೂರಿಸುತ್ತಾರೆಯೇ? ನುಂಗಲು ಕಷ್ಟವಿರುವವರನ್ನು ತಕ್ಷಣ ಮಲಗಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ನಂತರ ಇಷ್ಟನ್ನು ಕೇಳಿ: ರಾತ್ರಿ ಎಷ್ಟು ಜನ ಸಿಬ್ಬಂದಿ, ಅವರಲ್ಲಿ ತರಬೇತಿ ಪಡೆದ ನರ್ಸ್ ಎಷ್ಟು? ಮಾತ್ರೆ ಕೊಟ್ಟದ್ದನ್ನು ಬರೆದಿಡುತ್ತಾರೆಯೇ? ಬಚ್ಚಲಲ್ಲಿ ಹಿಡಿಕೆ ಇದೆಯೇ? ಯಾರನ್ನಾದರೂ ಮಂಚಕ್ಕೆ ಕಟ್ಟುತ್ತಾರೆಯೇ? ತುರ್ತು ಬಂದರೆ ಯಾವ ಆಸ್ಪತ್ರೆ, ಎಷ್ಟು ದೂರ? ಶುಲ್ಕದಲ್ಲಿ ಡೈಪರ್, ಔಷಧ ಸೇರಿವೆಯೇ? ಬಿಟ್ಟು ಹೋದರೆ ಠೇವಣಿ ವಾಪಸ್ಸೇ? ಉತ್ತರಗಳು ಬರವಣಿಗೆಯಲ್ಲಿರಲಿ.

ಸೇರಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಭೇಟಿಯಾದಾಗಲೆಲ್ಲ ಬೆನ್ನು, ಹಿಮ್ಮಡಿ ನೋಡಿ. ತೂಕ ಇಳಿದಿದೆಯೇ ಗಮನಿಸಿ. ಒಬ್ಬರೇ ಇದ್ದಾಗ ‘ಊಟ ಹೊಟ್ಟೆ ತುಂಬ ಕೊಡ್ತಾರಾ?’ ಎಂದು ಕೇಳಿ. ಪ್ರತಿ ವಾರ ಒಂದೇ ದಿನ ಬರಬೇಡಿ. ಮತ್ತೆ ಮುಖ್ಯವಾದದ್ದು: ಹೋಗುವುದೋ ಬೇಡವೋ ಎಂಬ ಮಾತುಕತೆಯಲ್ಲಿ ಅವರೂ ಕುಳಿತಿರಬೇಕು. ತಿಳುವಳಿಕೆ ಇರುವ ಹಿರಿಯರನ್ನು ‘ಡಾಕ್ಟರ್ ಹತ್ತಿರ ಹೋಗಿ ಬರೋಣ’ ಎಂದು ಸುಳ್ಳು ಹೇಳಿ ಬಿಟ್ಟುಬಂದರೆ ನಂಬಿಕೆ ಮತ್ತೆ ಹುಟ್ಟುವುದು ಕಷ್ಟ.

ಫೋನ್‌ನಲ್ಲಿ ಉಳಿಸಿಕೊಳ್ಳಿ

ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 (ಬೆಳಿಗ್ಗೆ 8ರಿಂದ ರಾತ್ರಿ 8). ಆಂಬುಲೆನ್ಸ್ 108. ನೋಡಿಕೊಳ್ಳುವವರೇ ಸೋತು ಹೋಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಗ್ರೂಪ್‌ನಲ್ಲಿ ಯಾರಾದರೂ ‘ನರ್ಸಿಂಗ್ ಹೋಮ್ ಇದೆಯಾ?’ ಎಂದು ಕೇಳಿದರೆ, ನಂಬರ್ ಕಳಿಸುವ ಮುನ್ನ ‘ಅವರು ಎದ್ದು ಓಡಾಡುತ್ತಾರಾ?’ ಎಂದು ತಿರುಗಿ ಕೇಳಿ. ಸರಿಯಾದ ಸಹಾಯ ಅಲ್ಲಿಂದಲೇ ಶುರುವಾಗುತ್ತದೆ.