ಬೆನ್ನು ಮುರಿದವರಿಗೆ ವೆಲ್ಲೂರಿನಲ್ಲಿ ಹುಟ್ಟಿದ ದಾರಿ

ತೆಂಗಿನ ಮರದಿಂದಲೋ, ಬಾವಿಗೋ, ಬೈಕಿನಿಂದಲೋ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರನ್ನು ನೀವೂ ನೋಡಿರುತ್ತೀರಿ. ಆಪರೇಷನ್ ಆಗುತ್ತದೆ, ಡಿಸ್ಚಾರ್ಜ್ ಮಾಡುತ್ತಾರೆ, ಮನೆಯವರು ಪಡಸಾಲೆಯಲ್ಲಿ ಮಂಚ ಹಾಕುತ್ತಾರೆ. ಮುಂದೇನು ಅಂತ ಹೇಳುವವರು ಇರುವುದಿಲ್ಲ. ಮಲಗಿದಲ್ಲೇ ಬೆನ್ನಿಗೆ ಹುಣ್ಣಾಗುತ್ತದೆ, ಮೂತ್ರದ ಸೋಂಕು ಕಿಡ್ನಿಗೆ ಏರುತ್ತದೆ. ಎಷ್ಟೋ ಜನರ ಪ್ರಾಣ ತೆಗೆಯುವುದು ಇವೇ. ಇಂಗ್ಲೆಂಡಿನಲ್ಲೂ 1944ರಲ್ಲಿ ಡಾಕ್ಟರ್ ಗುಟ್‌ಮನ್ ಬೆನ್ನುಹುರಿ ಗಾಯಾಳುಗಳಿಗೆಂದೇ ಒಂದು ಘಟಕ ತೆರೆಯುವ ಮುಂಚೆ ಕಥೆ ಹೀಗೇ ಇತ್ತು.

ನಮ್ಮ ಕಡೆ ಈ 'ಮುಂದೇನು' ಅನ್ನುವ ಪ್ರಶ್ನೆಯನ್ನು ಮೊದಲೇ ಹಿಡಿದವರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರೂ ಇದ್ದಾರೆ. ಬೆಂಗಳೂರು–ಚೆನ್ನೈ ರೈಲಿನಲ್ಲಿ ಕಾಟ್ಪಾಡಿಗೆ ಇಳಿದರೆ ಊರು ಹತ್ತಿರ. ಕೋಲಾರ, ಬಂಗಾರಪೇಟೆ ಕಡೆಯವರಿಗೆ ಗೊತ್ತಿರುವ ಜಾಗವೇ.

ಪಾಠ ಶುರುವಾಗಿದ್ದು ಕುಷ್ಠ ರೋಗಿಗಳಿಂದ. 1940ರ ದಶಕದ ಕೊನೆಯಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅಲ್ಲಿ ಮಡಚಿಹೋದ ಬೆರಳುಗಳನ್ನು ಆಪರೇಷನ್ ಮಾಡಿ ನೇರ ಮಾಡುತ್ತಿದ್ದರು. ಆದರೆ ಕೈ ಸರಿಹೋದವರಲ್ಲಿ ಕೆಲವರು ಬಂದು ಹೇಳಿದ್ದು ಬೇರೆಯೇ: ಕೈ ಚೆನ್ನಾಗಿ ಕಾಣುತ್ತೆ, ಈಗ ಭಿಕ್ಷೆ ಹುಟ್ಟುತ್ತಿಲ್ಲ, ಕೆಲಸವನ್ನೂ ಯಾರೂ ಕೊಡುತ್ತಿಲ್ಲ! ಡಾಕ್ಟರು ಕೈ ಕೊಟ್ಟರು, ಹೊಟ್ಟೆಪಾಡು ಕಿತ್ತುಕೊಂಡಂತಾಯಿತು. ಆಮೇಲೆ ಮಣ್ಣಿನ ಗೋಡೆಯ ಗುಡಿಸಲುಗಳನ್ನು ಕಟ್ಟಿ, ಅಲ್ಲೇ ಅವರಿಗೆ ಮರಗೆಲಸ ಕಲಿಸತೊಡಗಿದರು.

1954ರಲ್ಲಿ ಅದೇ ಆಸ್ಪತ್ರೆಯ ಯುವ ವೈದ್ಯೆ, ಕೊಚ್ಚಿ ಕಡೆಯ ಮೇರಿ ವರ್ಗೀಸ್, ರಸ್ತೆ ಅಪಘಾತದಲ್ಲಿ ಎರಡೂ ಕಾಲಿನ ಬಲ ಕಳೆದುಕೊಂಡರು. ಹೆರಿಗೆ ಡಾಕ್ಟರಾಗಬೇಕೆಂದಿದ್ದವರು. ಬ್ರ್ಯಾಂಡ್ ಅವರ ಮಾತಿನಂತೆ ಗಾಲಿಕುರ್ಚಿಯಲ್ಲೇ ಕೂತು ಕುಷ್ಠ ರೋಗಿಗಳ ಕೈಗಳ ಆಪರೇಷನ್ ಮಾಡಿದರು. ಕೂತೇ ಮಾಡಬಹುದಾದ ಆಪರೇಷನ್ ಅದು. ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ತಾವೇ ರೋಗಿಯಾಗಿ ಸ್ವತಂತ್ರವಾಗಿ ಓಡಾಡುವುದನ್ನು ಕಲಿತರು, ನ್ಯೂಯಾರ್ಕ್‌ನಲ್ಲಿ ಪುನರ್ವಸತಿ ವೈದ್ಯಕೀಯ ಓದಿಕೊಂಡು ಬಂದರು. ವೆಲ್ಲೂರಿನ ಆ ವಿಭಾಗಕ್ಕೆ ಅವರೇ ಮುಖ್ಯಸ್ಥೆ. 1966ರಲ್ಲಿ ರೋಗಿಗಳು ಉಳಿದುಕೊಂಡು ಕಲಿಯುವ ಪುನರ್ವಸತಿ ಕೇಂದ್ರ ತೆರೆಯಿತು. ಈಗ ಅದಕ್ಕೆ ಅವರದೇ ಹೆಸರು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು.

ಅಲ್ಲಿನ ಪದ್ಧತಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಒಂದು. ರೋಗಿಯ ಜೊತೆ ಮನೆಯವರೊಬ್ಬರು ಇರಬೇಕು, ಅವರೂ ಕಲಿಯಬೇಕು. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕುರ್ಚಿಯಲ್ಲಿದ್ದಾಗ ಆಗಾಗ ಕೈಯೂರಿ ಮೈ ಎತ್ತುವುದು, ಕನ್ನಡಿ ಹಿಡಿದು ಬೆನ್ನಿನ ಚರ್ಮ ನೋಡಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಟ್ಯೂಬ್ ಹಾಕಿ ಮೂತ್ರ ತೆಗೆಯುವುದು. ನರ್ಸ್ ಬರಲಾಗದ ಹಳ್ಳಿಯಲ್ಲಿ ಈ ಕೆಲಸ ಹೆಂಡತಿಯದೋ ತಮ್ಮನದೋ ಆಗುತ್ತದೆ. ಕಲಿಸದೆ ಕಳಿಸಿದರೆ ಅವರಾದರೂ ಏನು ಮಾಡಿಯಾರು?

ಬಿಟ್ಟುಹೋದವರನ್ನು ಮತ್ತೆ ಕರೆಯುವ ರೂಢಿಯೂ ಇದೆ. ರಿಹ್ಯಾಬ್ ಮೇಳ ಅಂತ ನಡೆಸುತ್ತಾರೆ. ಹಳೇ ರೋಗಿಗಳು ಬರುತ್ತಾರೆ, ಕಿಡ್ನಿ, ಚರ್ಮ ಎಲ್ಲಾ ತಪಾಸಣೆ ಆಗುತ್ತದೆ, ಆಟದ ಪಂದ್ಯಗಳೂ ಇರುತ್ತವೆ. ಹೊಸದಾಗಿ ಬಿದ್ದು ಬಂದ ಹುಡುಗ ಅಲ್ಲಿ ತನ್ನ ಹಾಗೇ ಬಿದ್ದು ವರ್ಷಗಳಾದವರನ್ನು ನೋಡುತ್ತಾನೆ. ಅಂಗಡಿ ನಡೆಸುತ್ತೀಯಾ, ಮನೆ ಬಾಗಿಲ ಹೊಸ್ತಿಲು ತೆಗೆಸಿದೆಯಾ, ಗಾಲಿಕುರ್ಚಿ ಬಚ್ಚಲಿಗೆ ಹೋಗುತ್ತಾ ಅಂತ ಅವರನ್ನೇ ಕೇಳಬಹುದು.