ಕಂಪ್ಯೂಟರ್ ವೈರಸ್‌ಗಳ ನಾಮಕರಣದಲ್ಲಿನ ವ್ಯತ್ಯಾಸ

ಕಂಪ್ಯೂಟರ್ ವೈರಸ್‌ಗಳಿಗೆ ಹೆಸರಿಡುವ ಅಧಿಕಾರ ಯಾವುದೇ ಒಂದು ಸಂಸ್ಥೆಗೆ ಇಲ್ಲ. ಆದ್ದರಿಂದ ಒಂದೇ ವೈರಸ್ ಬೇರೆ ಬೇರೆ ಆಂಟಿವೈರಸ್ ತಂತ್ರಾಂಶಗಳಲ್ಲಿ ಬೇರೆ ಬೇರೆ ಹೆಸರುಗಳಿಂದ ಗುರುತಿಸಲ್ಪಡುತ್ತದೆ. ಎರಡು ಎಚ್ಚರಿಕೆಗಳು ಒಂದೇ ವೈರಸ್ಸಿಗೆ ಸಂಬಂಧಿಸಿದವೇ ಎಂಬುದನ್ನು ತಿಳಿಯುವುದು ಇದರಿಂದ ಬಳಕೆದಾರರಿಗೆ ಕಷ್ಟವಾಗುತ್ತದೆ.

ಕಾರಣಗಳು

ಹೊಸ ವೈರಸ್ಸಿನ ಮಾದರಿ ಹಲವು ಪ್ರಯೋಗಾಲಯಗಳಿಗೆ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ತಲುಪುತ್ತದೆ. ಬಳಕೆದಾರರಿಗೆ ರಕ್ಷಣೆಯನ್ನು ಶೀಘ್ರವಾಗಿ ಒದಗಿಸಬೇಕಾದ್ದರಿಂದ ಸಂಸ್ಥೆಗಳು ಪರಸ್ಪರ ಚರ್ಚಿಸುವ ಮೊದಲೇ ಹೆಸರಿಡುತ್ತವೆ. ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸುವುದು ಮತ್ತಷ್ಟು ಗೊಂದಲಕ್ಕೆ ಎಡೆಮಾಡುತ್ತದೆ. 1986ರ ‘ಬ್ರೇನ್’ ವೈರಸ್ಸಿಗೆ ‘ಲಾಹೋರ್’ ಎಂಬ ಹೆಸರೂ, 1987ರ ‘ಜೆರುಸಲೇಮ್’ ವೈರಸ್ಸಿಗೆ ‘13ರ ಶುಕ್ರವಾರ’ ಎಂಬ ಹೆಸರೂ ಇದ್ದವು.

ಕಾರೋ ಪದ್ಧತಿ

ವೈರಸ್ ಸಂಶೋಧಕರ ಸಂಘಟನೆಯಾದ ಕಾರೋ 1991ರಲ್ಲಿ ಒಂದು ನಾಮಕರಣ ಪದ್ಧತಿಯನ್ನು ರೂಪಿಸಿತು. ಕಂಪನಿಗಳ ಹಾಗೂ ಜೀವಂತ ವ್ಯಕ್ತಿಗಳ ಹೆಸರುಗಳನ್ನು ವೈರಸ್‌ಗಳಿಗೆ ಇಡಬಾರದೆಂಬುದು ಅದರ ನಿಯಮಗಳಲ್ಲಿ ಒಂದು. ಇಂದಿನ ಹೆಸರುಗಳ ರಚನೆಯಲ್ಲಿಯೂ ಈ ಪದ್ಧತಿಯ ಪ್ರಭಾವವಿದೆ. ಉದಾಹರಣೆಗೆ, ‘ಇಮೇಲ್-ವರ್ಮ್.ವಿನ್32.ನಿಕ್ಸೆಮ್.ಇ’ ಎಂಬ ಹೆಸರಿನಲ್ಲಿ ಕ್ರಮವಾಗಿ ಬಗೆ, ಕಾರ್ಯಾಚರಣ ವ್ಯವಸ್ಥೆ, ಕುಟುಂಬ ಮತ್ತು ರೂಪಾಂತರಗಳು ಸೂಚಿತವಾಗಿವೆ. ರಚನೆ ಸಮಾನವಾಗಿದ್ದರೂ ಕುಟುಂಬದ ಹೆಸರು ಮತ್ತು ರೂಪಾಂತರದ ಅಕ್ಷರಗಳಲ್ಲಿ ಸಂಸ್ಥೆಗಳು ಭಿನ್ನವಾಗುತ್ತವೆ.

ನಿಕ್ಸೆಮ್ (2006)

2006ರ ಜನವರಿಯಲ್ಲಿ ಇಮೇಲ್ ಮೂಲಕ ಹರಡಿದ ಈ ವರ್ಮ್ ಪ್ರತಿ ತಿಂಗಳ 3ನೆಯ ತಾರೀಖಿನಂದು ವರ್ಡ್, ಎಕ್ಸೆಲ್, ಪಿಡಿಎಫ್ ಮುಂತಾದ ಕಡತಗಳನ್ನು ನಾಶಪಡಿಸುವಂತೆ ರಚಿತವಾಗಿತ್ತು. ಇದನ್ನು ಕ್ಯಾಸ್ಪರ್‌ಸ್ಕೀ ‘ನಿಕ್ಸೆಮ್’ ಎಂದೂ, ಸಿಮ್ಯಾಂಟೆಕ್ ‘ಬ್ಲ್ಯಾಕ್‌ಮಾಲ್’ ಎಂದೂ, ಮೆಕಾಫೀ ‘ಮೈವೈಫ್’ ಎಂದೂ, ಟ್ರೆಂಡ್ ಮೈಕ್ರೋ ‘ಗ್ರ್ಯೂ’ ಎಂದೂ ಕರೆದವು. ಪತ್ರಿಕೆಗಳಲ್ಲಿ ‘ಕಾಮಸೂತ್ರ’ ಎಂಬ ಹೆಸರು ಪ್ರಚಲಿತವಾಯಿತು. ಅತಿ ಹೆಚ್ಚು ಸೋಂಕಿಗೆ ಒಳಗಾದ ದೇಶಗಳಲ್ಲಿ ಭಾರತವೂ ಒಂದು. ಫೆಬ್ರವರಿ 3ರೊಳಗೆ ವರ್ಮನ್ನು ತೆಗೆದುಹಾಕದಿದ್ದರೆ ಕಡತಗಳು ನಾಶವಾಗುವ ಅಪಾಯವಿದ್ದುದರಿಂದ, ಈ ಹೆಸರುಗಳೆಲ್ಲ ಒಂದೇ ವರ್ಮನ್ನು ಸೂಚಿಸುತ್ತವೆಂದು ತಿಳಿಯುವುದು ಬಳಕೆದಾರರಿಗೆ ಅಗತ್ಯವಾಗಿತ್ತು.

ಕಾನ್‌ಫಿಕರ್ (2008–09)

2008ರ ನವೆಂಬರ್‌ನಲ್ಲಿ ಪತ್ತೆಯಾದ ಕಾನ್‌ಫಿಕರ್‌ಗೆ ‘ಡೌನ್‌ಆಡಪ್’ ಮತ್ತು ‘ಕಿಡೋ’ ಎಂಬ ಹೆಸರುಗಳೂ ಇವೆ. ಇಲ್ಲಿ ಗೊಂದಲ ರೂಪಾಂತರದ ಅಕ್ಷರಗಳಿಗೂ ವಿಸ್ತರಿಸಿತು. 2009ರ ಏಪ್ರಿಲ್ 1ರಿಂದ ದಿನಕ್ಕೆ 50,000 ಡೊಮೇನ್ ಹೆಸರುಗಳನ್ನು ಸೃಷ್ಟಿಸುವಂತೆ ರಚಿತವಾಗಿದ್ದ ರೂಪಾಂತರವನ್ನು ಮೈಕ್ರೋಸಾಫ್ಟ್ ‘ಡಿ’ ಎಂದು ಕರೆದರೆ, ಕಾನ್‌ಫಿಕರ್ ವರ್ಕಿಂಗ್ ಗ್ರೂಪ್ ‘ಸಿ’ ಎಂದು ಕರೆಯಿತು. ಮೈಕ್ರೋಸಾಫ್ಟ್‌ನ ‘ಸಿ’ ಬೇರೊಂದು ರೂಪಾಂತರವಾಗಿತ್ತು. ಹೀಗಾಗಿ ಒಂದೇ ಕುಟುಂಬದ ಹೆಸರನ್ನು ಬಳಸಿದಾಗಲೂ ‘ಕಾನ್‌ಫಿಕರ್-ಸಿ’ ಎಂಬುದಕ್ಕೆ ಎರಡು ಅರ್ಥಗಳಿದ್ದವು.

ಏಕರೂಪತೆಯ ಪ್ರಯತ್ನ

ಅಮೆರಿಕದ ಮೈಟರ್ ಸಂಸ್ಥೆ 2005ರಲ್ಲಿ ಸಿಎಂಇ ಎಂಬ ಯೋಜನೆಯನ್ನು ಆರಂಭಿಸಿತು. ಹೆಸರುಗಳನ್ನು ಬದಲಿಸದೆ, ಪ್ರಮುಖ ವೈರಸ್‌ಗಳಿಗೆ ಸಾಮಾನ್ಯ ಸಂಖ್ಯೆಯೊಂದನ್ನು ನೀಡುವುದು ಇದರ ಉದ್ದೇಶವಾಗಿತ್ತು. ನಿಕ್ಸೆಮ್‌ಗೆ ಸಿಎಂಇ-24 ಎಂಬ ಸಂಖ್ಯೆ ದೊರೆಯಿತು. ಹೊಸ ಮಾದರಿಗಳ ಸಂಖ್ಯೆ ಅತಿಯಾಗಿ ಬೆಳೆದಂತೆ ಯೋಜನೆ ಸ್ಥಗಿತಗೊಂಡಿತು.

ಪ್ರಸ್ತುತ ಸ್ಥಿತಿ

ಈಗ ಹೆಚ್ಚಿನ ಮಾದರಿಗಳನ್ನು ಯಂತ್ರಗಳೇ ವರ್ಗೀಕರಿಸುವುದರಿಂದ ‘ಜೆನೆರಿಕ್’ನಂತಹ ಸಾಮಾನ್ಯ ಹೆಸರುಗಳು ಹೆಚ್ಚಾಗಿವೆ. ತಜ್ಞರು ಕಡತದ ಅಂಶಗಳಿಂದ ಲೆಕ್ಕಹಾಕುವ ಎಸ್‌ಎಚ್‌ಎ-256 ಹ್ಯಾಶ್ ಮೌಲ್ಯವನ್ನು ಮಾದರಿಯ ಗುರುತಾಗಿ ಬಳಸುತ್ತಾರೆ. ಇದು ಎಲ್ಲ ಸಂಸ್ಥೆಗಳಲ್ಲಿಯೂ ಒಂದೇ ಆಗಿರುತ್ತದೆ. ಆದರೆ ಕಡತದಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಬದಲಾಗುವುದರಿಂದ ಇದು ಕುಟುಂಬದ ಹೆಸರಿಗೆ ಪರ್ಯಾಯವಾಗಲಾರದು. 2004ರಲ್ಲಿ ಆರಂಭವಾದ ವೈರಸ್‌ಟೋಟಲ್ ಸೇವೆಯಲ್ಲಿ ಒಂದೇ ಕಡತಕ್ಕೆ ವಿವಿಧ ಸಂಸ್ಥೆಗಳು ನೀಡಿದ ಹೆಸರುಗಳನ್ನು ಒಟ್ಟಿಗೆ ನೋಡಬಹುದು.