ಬಂಡಿ ನಿಂತ ನೆಲದ ಸುಂಕ

ನಡೆಯುವ ಬಂಡಿಯಿಂದ ಸುಂಕವನ್ನು ತೆಗೆದುಕೊಳ್ಳುವುದು ಒಂದು. ನಿಂತ ಬಂಡಿಯಿಂದ ತೆಗೆದುಕೊಳ್ಳುವುದು ಮತ್ತೊಂದು. ಜನರ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು ಸಲ್ಲುತ್ತಿರುವುದರಿಂದ ಇವುಗಳ ಭೇದವು ಮರೆತುಹೋಗಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ಮೊದಲನೆಯ ಬಗೆಯ ಸುಂಕದಿಂದ ಹುಟ್ಟಿದ್ದು. ಅಲ್ಲಿ ಕೇಳುವವನು ಅರಸನ ಆಳು, ಕೊಡುವವನು ದಾರಿಹೋಕ. ನಡುವೆ ಮಾತಿಗೆ ಎಡೆಯಿಲ್ಲ. ಎರಡನೆಯದರಲ್ಲಾದರೋ ನೆಲವು ಊರಿನದು, ಕೇಳುವ ಸಭೆಯೂ ಊರಿನದು, ಕೊಡುವವರಲ್ಲಿ ಬಹುಮಂದಿ ಆ ಊರಿನವರೇ ಅಥವಾ ನೆರೆಯೂರಿನವರು. ಆದುದರಿಂದ ಇಲ್ಲಿ ಸುಖದುಃಖಗಳನ್ನು ಹೇಳಿಕೊಳ್ಳುವುದಕ್ಕೂ ಲೆಕ್ಕವನ್ನು ಕೇಳುವುದಕ್ಕೂ ಹಕ್ಕುಂಟು. ಕಥೆಗಾರ ಬೆಸಗರಹಳ್ಳಿ ರಾಮಣ್ಣನವರ ಹೆಸರಿನಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂತಹ ಊರುಗಳಿಗೆ ಈ ಹಕ್ಕು ಯಾವ ದಾರಿಯಿಂದ ಬಂದಿತು, ಅದು ಯಾವ ನಿಬಂಧನೆಗೆ ಒಳಪಟ್ಟದ್ದು ಎಂಬುದು ವಿಚಾರಾರ್ಹವಾದ ವಿಷಯ.

ನಮ್ಮ ಪ್ರಾಚೀನ ಶಾಸ್ತ್ರಕಾರರು ದಾರಿಯನ್ನು ಕಟ್ಟಿ ನಿಲ್ಲುವುದನ್ನು ಆದಾಯದ ಮೂಲವೆಂದು ಎಣಿಸಲಿಲ್ಲ, ಅಪರಾಧವೆಂದು ಎಣಿಸಿದರು. ಮನುಷ್ಯರೂ ಪಶುಗಳೂ ತಡೆಯಿಲ್ಲದೆ ಹೋಗಿಬರುವ ದಾರಿಗೆ ಬೃಹಸ್ಪತಿಯು ‘ಸಂಸರಣ’ವೆಂದು ಹೆಸರಿಟ್ಟು, ಅದನ್ನು ಯಾರೂ ಅಡ್ಡಗಟ್ಟಕೂಡದೆಂದೂ, ಅಲ್ಲಿ ಇಕ್ಕಟ್ಟು ಮಾಡಿದವನೂ ಗುಂಡಿ ತೋಡಿದವನೂ ಗಿಡ ನೆಟ್ಟವನೂ ಒಂದು ಮಾಷ ದಂಡವನ್ನು ತೆರಬೇಕೆಂದೂ ವಿಧಿಸಿದ್ದಾನೆ. ಕೌಟಿಲ್ಯನ ದಂಡವು ಇನ್ನೂ ಬಿಗಿಯಾದದ್ದು. ಮನುಷ್ಯರ ಮತ್ತು ಸಣ್ಣ ಪಶುಗಳ ಹಾದಿಯನ್ನು ತಡೆದವನಿಗೆ ೧೨ ಪಣ, ದೊಡ್ಡ ಪಶುಗಳ ಹಾದಿಗೆ ೨೪ ಪಣ, ಊರಿಗೆ ಹೋಗುವ ದಾರಿಗೆ ೨೦೦ ಪಣ, ನಾಡಿನ ಹೆದ್ದಾರಿಗೆ ೧೦೦೦ ಪಣ. ಅದೇ ಗ್ರಂಥದಲ್ಲಿ ಗ್ರಾಮಪಥದ ಅಗಲವು ೮ ದಂಡಗಳೆಂದು ಹೇಳಿದೆ. ದಂಡವೆಂದರೆ ನಾಲ್ಕು ಮೊಳದ ಕೋಲು. ಇಂದಿನ ಎಷ್ಟು ಹಳ್ಳಿಗಳ ದಾರಿ ಆ ೩೨ ಮೊಳಕ್ಕೆ ಬರುತ್ತದೆಂಬುದನ್ನು ವಾಚಕರೇ ಮೊಳ ಹಾಕಿ ನೋಡಬಹುದು.

ದಂಡವು ಬೇರೆ, ಶುಲ್ಕವು ಬೇರೆ. ತಪ್ಪು ಕಡಮೆಯಾದಷ್ಟೂ ದಂಡದ ಉದ್ದೇಶವು ಈಡೇರುತ್ತದೆ. ವ್ಯವಹಾರವು ಹೆಚ್ಚಿದಷ್ಟೂ ಶುಲ್ಕದ ಪೆಟ್ಟಿಗೆಯು ತುಂಬುತ್ತದೆ. ಇವೆರಡನ್ನೂ ಒಬ್ಬನ ಕೈಗೇ ಕೊಟ್ಟರೆ ಅವನು ದಾರಿಯು ಬಿಡುವಾಗಲೆಂದು ಬಯಸುವನೋ ತುಂಬಿರಲೆಂದು ಬಯಸುವನೋ ಹೇಳುವುದು ಕಷ್ಟ.

ಶುಲ್ಕಾಧ್ಯಕ್ಷನ ಪ್ರಕರಣದಲ್ಲಿ ಕೌಟಿಲ್ಯನು ‘ವರ್ತನಿ’ ಎಂಬ ದಾರಿಯ ತೆರಿಗೆಯನ್ನು ಹೇಳುತ್ತಾನೆ. ಸರಕಿನ ಬಂಡಿಗೆ ಒಂದೂಕಾಲು ಪಣ, ಕುದುರೆ ಕತ್ತೆಗಳಂತಹ ಒಂಟಿಗೊರಸಿನ ಪ್ರಾಣಿಗೆ ಒಂದು ಪಣ, ದನಕ್ಕೆ ಅರ್ಧ, ಆಡು ಕುರಿಗಳಿಗೆ ಕಾಲು, ಹೆಗಲ ಹೊರೆಗೆ ಒಂದು ಮಾಷ. ಇದನ್ನು ವಸೂಲು ಮಾಡತಕ್ಕವನು ಅಂತಪಾಲನೆಂಬ ಗಡಿಯ ಅಧಿಕಾರಿ. ಲಕ್ಷ್ಯವಿಟ್ಟು ನೋಡತಕ್ಕದ್ದು ಇದರ ಮುಂದಿನ ಮಾತು: ಆ ದಾರಿಯಲ್ಲಿ ವರ್ತಕರ ಸೊತ್ತು ಕಳೆದುಹೋದರೆ, ಅಥವಾ ಕಳವಾದರೆ, ಅದನ್ನು ತುಂಬಿಕೊಡಬೇಕಾದವನೂ ಅವನೇ. ತೆಗೆದುಕೊಂಡ ಒಂದೂಕಾಲು ಪಣಕ್ಕೆ ಕಾವಲಿನ ಹೊಣೆಯು ಗಂಟುಬಿದ್ದಿದೆ. ಈ ಗ್ರಂಥವನ್ನು ಮತ್ತೆ ಲೋಕಕ್ಕೆ ತೋರಿಸಿದ ಕೀರ್ತಿಯು ಮೈಸೂರಿಗೇ ಸಲ್ಲತಕ್ಕದ್ದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಗಳನ್ನು ಗುರುತಿಸಿ, ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅದನ್ನು ಅಚ್ಚುಹಾಕಿಸಿದರು.

ಕನ್ನಡನಾಡಿನ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ದೇವಾಲಯದ ನಂದಾದೀಪಕ್ಕಾಗಿ ಅಯ್ಯಾವೊಳೆಯ ಐನೂರ್ವರಂತಹ ವರ್ತಕರ ಸಂಘಗಳು ತಮ್ಮ ಹೇರುಗಳ ಮೇಲೆ ತಾವೇ ತೆರಿಗೆಯನ್ನು ಹಾಕಿಕೊಂಡದ್ದೂ ಉಂಟು. ಕೊಡುವವರೇ ಕೂಡಿ ಮೊತ್ತವನ್ನು ಗೊತ್ತುಮಾಡಿದ ಸುಂಕವಿದು. ಸುಂಕದವನೆಂದರೆ ಕಟುಕನೆಂದೇ ಅರ್ಥವಲ್ಲವೆಂಬುದಕ್ಕೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೇ ಸಾಕ್ಷಿ.

ಕಾಲಾನುಕ್ರಮದಲ್ಲಿ ಸುಂಕಕ್ಕೂ ಸೇವೆಗೂ ಇದ್ದ ಗಂಟು ಸಡಿಲಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನವು ಇಂಗ್ಲಿಷ್ ಕಮಿಷನರ ಆಡಳಿತಕ್ಕೆ ಬಂದಾಗ ಜನರ ಮೇಲಿದ್ದ ಚಿಲ್ಲರೆ ತೆರಿಗೆಗಳಿಗೆ ಮಿತಿಯಿರಲಿಲ್ಲ. ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಇಂತಹ ೭೬೯ ಬಾಬುಗಳನ್ನು ತೆಗೆದುಹಾಕಿದರೆಂದು ರೈಸ್ ಅವರ ಗೆಜೆಟಿಯರಿನಲ್ಲಿ ಬರೆದಿದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ! ಒಂದು ಊರಿನವರು, ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆತಲಾಂತರದಿಂದ ತೆರುತ್ತಿದ್ದರಂತೆ. ಮದುವೆ, ಯಜ್ಞ, ಹೆರಿಗೆಗಳಿಗಾಗಿ ಸಾಗುವ ಸಾಮಗ್ರಿಗೆ ಸುಂಕವೇ ಇಲ್ಲವೆಂದು ಕೌಟಿಲ್ಯನು ವಿನಾಯಿತಿ ಕೊಟ್ಟಿದ್ದುದನ್ನು ನೆನೆದರೆ, ಮೊತ್ತವು ಸಣ್ಣದಾದರೂ ಯಾರೂ ಲೆಕ್ಕ ಕೇಳದ ಸುಂಕವು ಎಲ್ಲಿಗೆ ಹೋಗಿ ಮುಟ್ಟೀತೆಂಬುದು ತಿಳಿಯುತ್ತದೆ.

ಊರಿನ ಸಭೆಯೇ ಹಣವನ್ನೆತ್ತಿ ಊರಿಗೇ ವೆಚ್ಚಮಾಡುವ ಈಗಿನ ಕ್ರಮವು ೧೮೬೨ರಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಪುರಸಭೆಗಳು ಏರ್ಪಟ್ಟಾಗ ಮೊದಲಾಯಿತು. ಹಳ್ಳಿಗಳಿಗೆ ಅದು ಬಂದದ್ದು ತಡವಾಗಿ. ೧೯೦೨ರ ಲೋಕಲ್ ಬೋರ್ಡುಗಳ ರೆಗ್ಯುಲೇಷನ್, ೧೯೧೮ರದು, ೧೯೨೬ರ ಗ್ರಾಮಪಂಚಾಯತಿಗಳ ರೆಗ್ಯುಲೇಷನ್ ಇವು ಅದರ ಮೆಟ್ಟಿಲುಗಳು. ಈ ನಡುವೆ, ೧೯೧೪ರಲ್ಲಿ, ದಿವಾನ್ ವಿಶ್ವೇಶ್ವರಯ್ಯನವರು ಗ್ರಾಮಾಭಿವೃದ್ಧಿಯ ಯೋಜನೆಯನ್ನು ಆರಂಭಿಸಿದರು. ಗ್ರಾಮಸ್ಥರು ವಾರಕ್ಕೆ ಅರ್ಧ ದಿನ ಊರ ಕೆಲಸಕ್ಕೆ ಕೈ ಕೊಡಬೇಕೆಂಬುದು ಅದರ ಒಂದು ಅಂಗ. ಊರಿನ ಏಳಿಗೆಗೆ ಊರೇ ಕುಳಿತು ಮುಂದಾಲೋಚನೆ ಮಾಡಬೇಕೆಂಬ ಮಾತು ಮೈಸೂರು ಸೀಮೆಗೆ ಹೊಸದಲ್ಲ.

ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಮಂಡ್ಯ ಮದ್ದೂರುಗಳ ಸೀಮೆಯಲ್ಲಿ ಬಂಡಿಗಳ ಪ್ರಶ್ನೆಯು ದೊಡ್ಡದಾದದ್ದು ನೀರಿನಿಂದ. ಕೃಷ್ಣರಾಜಸಾಗರದ ನೀರು, ಮೊದಲು ಇರ್ವಿನ್ ನಾಲೆಯೆಂದು ಕರೆಸಿಕೊಂಡ ವಿಶ್ವೇಶ್ವರಯ್ಯ ನಾಲೆಯಲ್ಲಿ ೧೯೩೦ರ ದಶಕದ ಆರಂಭದಲ್ಲಿ ಹರಿಯಿತು. ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದವು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ೧೯೩೯ರ ಜುಲೈ ೧ರಂದು ಮಂಡ್ಯವೇ ಜಿಲ್ಲೆಯಾಯಿತು. ರಾಗಿಯು ಕಣದಿಂದ ಹಗೇವಿಗೆ ಹೋದರೆ ತೀರಿತು. ಕಬ್ಬು ಹಾಗಲ್ಲ, ಕಡಿದ ಕಬ್ಬು ಒಣಗುವುದರೊಳಗೆ ಗಾಣವನ್ನೋ ಕಾರ್ಖಾನೆಯನ್ನೋ ಮುಟ್ಟಬೇಕು. ಬಂಡಿಯ ಮೇಲೆ ಬಂಡಿ ಸಾಗಿತು, ಸಾಗಿದ ಬಂಡಿ ಸರದಿಗಾಗಿ ನಿಂತಿತು. ನಿಂತಲ್ಲಿ ಎತ್ತಿಗೆ ನೀರು ಬೇಕು, ನೆರಳು ಬೇಕು, ಹೊಡೆಯುವವನಿಗೆ ರಾತ್ರಿ ದೀಪದ ಬೆಳಕು ಬೇಕು. ನಿಲುಗಡೆಯ ನೆಲಕ್ಕೆ ಒಂದು ಬೆಲೆಯುಂಟೆಂಬುದು ಆಗ ಎಲ್ಲರಿಗೂ ಅರಿವಾಯಿತು. ಮುಂದೆ ಎತ್ತಿನ ಜಾಗಕ್ಕೆ ಟ್ರಾಕ್ಟರು ಬಂದಿತು. ಮದ್ದೂರಿನ ಎಳನೀರಿನ ಮಾರುಕಟ್ಟೆಗೆ ದೂರದೇಶದ ಲಾರಿಗಳು ಬಂದವು.

ಮೋಟಾರಿನ ವಿಷಯದಲ್ಲಿ ಕಾನೂನು ಮೊದಲಿನಿಂದಲೂ ಅಧಿಕಾರವನ್ನು ಎರಡು ಕೈಗೆ ಹಂಚಿದೆ. ೧೯೩೯ರ ಮೋಟಾರು ವಾಹನಗಳ ಕಾನೂನಾಗಲಿ ೧೯೮೮ರದಾಗಲಿ, ವಾಹನಗಳು ಎಲ್ಲೆಲ್ಲಿ ನಿಲ್ಲಬಹುದೆಂಬುದನ್ನು ಸರ್ಕಾರ ಅಥವಾ ಅದು ನೇಮಿಸಿದ ಅಧಿಕಾರಿಯು ಸ್ಥಳೀಯ ಸಭೆಯೊಡನೆ ಆಲೋಚಿಸಿ ಗೊತ್ತುಮಾಡತಕ್ಕದ್ದೆಂದು ಹೇಳುತ್ತದೆ. ಸಭೆಯವರು ಈ ಆಲೋಚನೆಯ ಹೊತ್ತಿನಲ್ಲಿ ಸುಮ್ಮನಿದ್ದು, ಆಮೇಲೆ ಹಣ ಬರುವ ಹೊತ್ತಿನಲ್ಲಿ ಎಚ್ಚರಗೊಂಡರೆ ಅದು ಕಾನೂನಿನ ದೋಷವಲ್ಲ.

ಶುಲ್ಕವೆಂದರೇನೆಂಬ ಪ್ರಶ್ನೆಗೆ ಸ್ವತಂತ್ರ ಭಾರತದಲ್ಲಿ ಸ್ಪಷ್ಟವಾದ ಉತ್ತರವು ಹೊರಟದ್ದು, ಆಶ್ಚರ್ಯದ ಸಂಗತಿ, ಉಡುಪಿಯ ಮಠವೊಂದರ ಮೊಕದ್ದಮೆಯಿಂದ. ಧಾರ್ಮಿಕ ಸಂಸ್ಥೆಗಳಿಂದ ಮದರಾಸು ಸರ್ಕಾರವು ವಸೂಲು ಮಾಡುತ್ತಿದ್ದ ವಂತಿಗೆಯನ್ನು ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠವು ಪ್ರಶ್ನಿಸಿತು. ೧೯೫೪ರಲ್ಲಿ ಸುಪ್ರೀಂ ಕೋರ್ಟು, ತೆರಿಗೆಯು ಎಲ್ಲರ ಹಿತಕ್ಕಾಗಿ ಬೊಕ್ಕಸಕ್ಕೆ ಸೇರುವ ಹಣ, ಶುಲ್ಕವು ಕೊಟ್ಟವನಿಗೆ ಮಾಡಿದ ವಿಶೇಷ ಸೇವೆಗೆ ಪ್ರತಿಯಾದ ಹಣ ಎಂದು ವಿಂಗಡಿಸಿ, ಆ ವಂತಿಗೆಯು ಶುಲ್ಕವಲ್ಲವೆಂದು ತೀರ್ಮಾನಿಸಿತು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ತಕ್ಕಡಿಯ ಸಮತೂಕ ಬೇಕಿಲ್ಲವೆಂದು ಮುಂದಿನ ತೀರ್ಪುಗಳು ಬಿಗಿಯನ್ನು ಸ್ವಲ್ಪ ಸಡಿಲಿಸಿವೆಯಾದರೂ, ಇವೆರಡರ ನಡುವಣ ಸಂಬಂಧವನ್ನು ಕಡಿದುಹಾಕಿಲ್ಲ. ಅಂತಪಾಲನ ಹೊಣೆಯನ್ನು ಬಲ್ಲವರಿಗೆ ಈ ತತ್ತ್ವವು ಹೊಸದೆಂದು ತೋರಲಾರದು.

೧೯೯೩ರ ಕರ್ನಾಟಕ ಪಂಚಾಯತ್ ರಾಜ್ ಕಾನೂನು ಈ ತತ್ತ್ವವನ್ನು ಹಳ್ಳಿಯ ಮಟ್ಟಕ್ಕೆ ತಂದಿತು. ಗ್ರಾಮಪಂಚಾಯತಿಯು ಹಾಕಬಹುದಾದ ಬಾಬುಗಳಲ್ಲಿ ಸಂತೆಯ ಶುಲ್ಕ, ಮಾರಾಟಕ್ಕೆ ಬಂದ ದನಗಳನ್ನು ದಾಖಲು ಮಾಡುವ ಶುಲ್ಕ, ಮೋಟಾರಲ್ಲದ ವಾಹನಗಳ ತೆರಿಗೆ ಇವುಗಳ ಜೊತೆಗೆ ಬಸ್ಸು, ಟ್ಯಾಕ್ಸಿ, ಆಟೋ ನಿಲ್ದಾಣಗಳ ಶುಲ್ಕವೂ ಉಂಟು. ಆದರೆ ಅದಕ್ಕೊಂದು ಷರತ್ತನ್ನು ಕಟ್ಟಿದ್ದಾರೆ: ಪ್ರಯಾಣಿಕರಿಗೆ ಸಾಕಷ್ಟು ಸೌಕರ್ಯಗಳನ್ನು ಪಂಚಾಯತಿಯು ಒದಗಿಸಿರಬೇಕು. ಜಾತ್ರೆಗೆ ಬಂದವರಿಂದ ತೆಗೆದುಕೊಳ್ಳುವ ಯಾತ್ರಿಕ ಶುಲ್ಕಕ್ಕೂ ನೀರು, ಆರೋಗ್ಯ, ನೈರ್ಮಲ್ಯಗಳ ಏರ್ಪಾಡು ಮೊದಲಾಗಬೇಕೆಂಬ ಇಂತಹುದೇ ಷರತ್ತಿದೆ. ಮೊದಲು ನೆರಳು, ನೀರು, ಶೌಚಾಲಯ, ಅನಂತರ ಚೀಟಿ. ಕಾನೂನು ಬರೆದವರು ಈ ಕ್ರಮವನ್ನು ಬೇಕೆಂದೇ ಇಟ್ಟಿದ್ದಾರೆ, ಆಚರಣೆಯಲ್ಲಿ ಅದು ತಲೆಕೆಳಗಾಗುವ ಅಪಾಯವುಂಟು. ಅಂತಹ ಅಪಾಯಕ್ಕೆ ಮುಖ್ಯವಾದ ದಾರಿಯು ವರ್ಷಕ್ಕೊಮ್ಮೆ ವಸೂಲಿಯನ್ನು ಹರಾಜು ಹಾಕಿ ಗುತ್ತಿಗೆಗೆ ಕೊಡುವ ಪದ್ಧತಿ. ಗುತ್ತಿಗೆಯ ಹಣವು ಮುಂಗಡವಾಗಿ ಬಂದುಬಿಡುವುದರಿಂದ ಸಭೆಗೆ ನಿರಾತಂಕ; ಕೂಗಿದ ಮೊತ್ತದ ಮೇಲೆ ಲಾಭವನ್ನು ತೆಗೆಯಬೇಕಾದುದರಿಂದ ಗುತ್ತಿಗೆದಾರನಿಗೆ ಆತುರ. ಇವರಿಬ್ಬರ ನಡುವೆ ತಗಡಿನ ಮಾಡಿನ ಚಿಂತೆ ಯಾರದೂ ಅಲ್ಲವಾಗುತ್ತದೆ. ಗುತ್ತಿಗೆಯೇ ಕೂಡದೆಂದಲ್ಲ, ದರದ ಪಟ್ಟಿಯನ್ನು ನಿಲ್ದಾಣದಲ್ಲಿ ಬರೆಸಿ ಹಾಕುವುದನ್ನೂ ಸೌಕರ್ಯಗಳನ್ನು ಕಾಪಾಡುವುದನ್ನೂ ಕರಾರಿನಲ್ಲೇ ಸೇರಿಸದೆ ಹರಾಜನ್ನು ಕೂಗಿಸುವುದು ಅವಿವೇಕ.

ಅಮೆರಿಕದ ಓಕ್ಲಹೋಮ ಪಟ್ಟಣದಲ್ಲಿ ೧೯೩೫ರ ಜುಲೈ ತಿಂಗಳಲ್ಲಿ ನಾಣ್ಯ ಹಾಕುವ ನಿಲುಗಡೆಯ ಯಂತ್ರವನ್ನು ಮೊಟ್ಟಮೊದಲು ನಿಲ್ಲಿಸಿದರು. ಅಂಗಡಿಗಳ ಮುಂದೆ ದಿನವೆಲ್ಲ ನಿಂತಿರುತ್ತಿದ್ದ ಕಾರುಗಳನ್ನು ಏಳಿಸುವುದೇ ಅದರ ಗುರಿ. ೨೦೨೧ರಲ್ಲಿ ಬೆಂಗಳೂರಿಗೆ ಒಪ್ಪಿಗೆಯಾದ ನಿಲುಗಡೆಯ ನೀತಿಯಲ್ಲೂ ಬೆಲೆಯಿಂದ ವಾಹನಗಳನ್ನು ಹತೋಟಿಗೆ ತರುವ ಅಭಿಪ್ರಾಯವಿದೆ. ಪಟ್ಟಣಗಳಿಗೆ ಇದು ಸರಿ. ಹಳ್ಳಿಗೆ ಹಾಗೆಯೇ ಒಪ್ಪದು. ಸಂತೆಗೆ ಸೊಪ್ಪು ತಂದವನನ್ನೂ ಆಸ್ಪತ್ರೆಗೆ ತಾಯಿಯನ್ನು ಕರೆತಂದವನನ್ನೂ ಬೆಲೆಯೇರಿಸಿ ಬಾರದಂತೆ ಮಾಡುವುದರಿಂದ ಊರಿಗೆ ಬರುವ ಲಾಭವೇನು? ಹಳ್ಳಿಗೆ ಬೇಕಾದದ್ದು ನೆಲ. ಆ ನೆಲವನ್ನು ಮನೆಗಳೂ ಅಂಗಡಿಗಳೂ ಏಳುವ ಮೊದಲೇ ಗುರುತಿಸಿಡಬೇಕು. ನಿಲುಗಡೆಯ ಶುಲ್ಕವೂ ಊರಿನ ಬೆಳವಣಿಗೆಯ ಯೋಜನೆಯೂ ಒಂದನ್ನೊಂದು ಸಂಧಿಸುವುದು ಇಲ್ಲಿಯೇ. ನಗರ ಮತ್ತು ಗ್ರಾಮಾಂತರ ಯೋಜನೆಯ ಕಾನೂನು ೧೯೬೧ರಲ್ಲಿಯೇ ಆಗಿದ್ದರೂ ಅದರ ನಕ್ಷೆಗಳು ಬಹುಮಟ್ಟಿಗೆ ಪಟ್ಟಣಗಳ ಅಂಚಿನಲ್ಲಿಯೇ ನಿಂತಿವೆ. ಹಳ್ಳಿಗಳಿಗೆ ಇರುವುದು ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಪಂಚಾಯತಿಯ ವಾರ್ಷಿಕ ಯೋಜನೆ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟಿತವಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ದೂರದ ವಾಹನಗಳು ಊರುಗಳ ಮೇಲೆಯೋ ಪಕ್ಕದಲ್ಲಿಯೋ ಹಾರಿಹೋಗುತ್ತವೆ. ಅಲ್ಲಿ ತೆರುವ ಸುಂಕದಲ್ಲಿ ಊರ ಸಭೆಗೆ ಮಾತಿಲ್ಲ. ಅದರ ಕೈಗೆ ಉಳಿದಿರುವುದು ತನ್ನ ಬೀದಿ, ತನ್ನ ಸಂತೆಮಾಳ, ತನ್ನ ನಿಲ್ದಾಣ.

ಈ ಉಳಿದುದರ ಮೇಲ್ವಿಚಾರಣೆಗೆ ಎರಡು ಸಾಧನಗಳಿವೆ. ಒಂದು, ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕಾದ ಗ್ರಾಮಸಭೆ. ಮತದಾರರೆಲ್ಲರೂ ಅದರ ಸದಸ್ಯರು. ಇನ್ನೊಂದು, ವರ್ಷಕ್ಕೊಮ್ಮೆ ಪಂಚಾಯತಿಯ ಲೆಕ್ಕವನ್ನೂ ಕಾಮಗಾರಿಗಳನ್ನೂ ಜನರ ಮುಂದಿಡುವ ಜಮಾಬಂದಿ. ಹಿಂದೆ ಜಮಾಬಂದಿಯೆಂದರೆ ಅಮಲ್ದಾರರು ರೈತನ ಲೆಕ್ಕವನ್ನು ನೋಡುವ ದಿನ; ಈಗ ಅದೇ ಹೆಸರಿನಲ್ಲಿ ರೈತನು ಪಂಚಾಯತಿಯ ಲೆಕ್ಕವನ್ನು ನೋಡುತ್ತಾನೆ. ಶಬ್ದವು ಹೀಗೆ ಮಗುಚಿಕೊಂಡದ್ದು ಸೊಗಸಾಗಿದೆ. ಆ ದಿನ ನಿಲ್ದಾಣದ ಬಾಬಿನಲ್ಲಿ ಬಂದ ಹಣವನ್ನೂ, ಅದೇ ನಿಲ್ದಾಣದ ನೀರು ನೆರಳು ದೀಪಗಳಿಗೆ ಬಿದ್ದ ವೆಚ್ಚವನ್ನೂ ಒಂದರ ಕೆಳಗೊಂದು ಬರೆದು ಓದಿಸಬೇಕೆಂದು ಕೇಳುವುದಕ್ಕೆ ಅರ್ಜಿಯೂ ಬೇಡ, ವಕೀಲರೂ ಬೇಡ. ಎದ್ದುನಿಂತು ಕೇಳಿದರೆ ಸಾಕು.